ಲಿಲ್ಲಿಗೆ ದಿನಾ ನೀರು ಬ್ಯಾಡ್ರಿ

ನೀಲವ್ವನ ಅಪ್ಪಾರಿಗೆ,

ನೀವು ಸಾಲಿಯಿಂದ ಬರೂದ್ರಾಗ ನಾನು ಉಪ್ಪಿನಬೆಟಗೇರಿ ಹಾದಿ ಹಿಡಿದಿರತೇನಿ. ನೀಲವ್ವಗ ಬ್ಯಾನಿ ಸುರು ಆಗ್ಯಾವಂತ. ಆಕಿ ಮಾವ ಚಕ್ಕಡಿ ಕಳಿಸ್ಯಾರ. ಚೊಚ್ಚಲ ಬಾಣಂತನ ತವರಮನ್ಯಾಗ ಆಗಲಿಲ್ಲ ನೋಡ್ರಿ. ಅಮಾಸಿ ಮುಗೀಲಿ, ಆಮ್ಯಾಲೆ ಕರಕೊಂಡ ಬರೂಣು ಅಂದಾವ್ರು ನೀವ. ನಾನೂ ಹೂಂ ಅಂದೆ.

ರೊಟ್ಟಿ ಬುಟ್ಟ್ಯಾಗ ಅದಾವು, ಪಲ್ಯಾ ಒಲಿ ಮ್ಯಾಲೆ ಐತಿ.

ಹಿತ್ತಲದಾಗ ನೀಲವ್ವ ಹಚ್ಚಿದ ಕೇಸರಿ ಲಿಲ್ಲಿ ಇವತ್ತ ಅರಳೇತಿ. ಅದು ಒಂದ ದಿನದ ಹೂವು, ಸಂಜಿಕ ಬಾಡೂದ. ಹ್ವಾದ ವರ್ಷ ನೀರಡಿಸೇತಿ ಅಂತ ದಿನಾ ಕೊಡಾ ಸುರದ್ರಿ, ಎರಡ ಗಡ್ಡಿ ಕೊಳತು ಹ್ವಾದವು. ಮಣ್ಣಾಗ ಬೊಟ್ಟು ಇಟ್ಟ ನೋಡ್ರಿ. ಒಣಗಿದ್ರಷ್ಟ ಒಂದ ತಂಬಿಗಿ ಹಾಕ್ರಿ. ಪೂಜಿಗಂತ ದಂಟ ಮುರೀಬ್ಯಾಡ್ರಿ, ಅರಳಿದ್ದಷ್ಟ ಹರಕೋರ್ರಿ. ಅದರಾಗ ಇನ್ನೂ ಆರ ಮೊಗ್ಗಿ ಅದಾವು.

ಇವತ್ತಿನ ಹೂವ ಆಕಿಗೆ ಒಯ್ಯಬೇಕಂತ ಕೈ ಹಚ್ಚಿದೆ. ಧೈರ್ಯ ಆಗಲಿಲ್ಲ. ಸಂಜಿಕ ಬಾಡೂದನ್ನ ಇಂಥಾ ಹೊತ್ತಿನ್ಯಾಗ ಆ ಮನಿಗೆ ಹ್ಯಾಂಗ ಒಯ್ಯಲಿ? ಮಣ್ಣ ಸಹಿತ ಒಂದ ಗಡ್ಡಿ ಕಿತ್ತು ಅರಿವ್ಯಾಗ ಕಟಗೊಂಡೇನಿ. ಚಕ್ಕಡಿ ಬಾಗಿಲದಾಗ ನಿಂತೇತಿ, ಅವಸರದಾಗ ಅಕ್ಷರ ಸೊಟ್ಟ ಬಿದ್ದಾವು, ಸಂಬಾಳಿಸಿ ಓದ್ರಿ.

ಸುದ್ದಿ ಬರೂತನಾ ನೀವು ಸುಮ್ನ ಕುಂದ್ರಾವರಲ್ಲ, ನನಗ ಗೊತ್ತೈತಿ. ಆದ್ರೂ ಕೊಡಾ ಮುಟ್ಟಬ್ಯಾಡ್ರಿ. ದಿನಾ ಮುಂಜಾನಿ ಎಷ್ಟ ಅರಳಿದ್ವು ಅಂತ ಹಿತ್ತಲ ಗ್ವಾಡಿ ಮ್ಯಾಲೆ ಇದ್ದಲಿಲೆ ಗೆರಿ ಹಾಕಿಡ್ರಿ. ಮನಿಗೆ ಬಂದ ಕೂಡಲೆ ಆಕಿ ಕೇಳತಾಳ.

ಕೇಳೇ ಕೇಳತಾಳ.