ಏಳನೇ ಜಾಗದ ಕಾಗದ

ಡೆಮಿಂಗ್, ನ್ಯೂ ಮೆಕ್ಸಿಕೊ
ಅಕ್ಟೋಬರ್ ೧೪

ಪ್ರೀತಿಯ ತಮ್ಮ ರಾಯ್ಸ್,

ನಿನ್ನ ಬೆನ್ನುನೋವು ಹೇಗಿದೆ? ಅಲಾಸ್ಕಾದ ಚಳಿಯಲ್ಲಿ ಟೋಪಿ ಹಾಕದೆ ಮೀನುದೋಣಿಯ ಮೇಲೆ ಮೆರೆಯುತ್ತಿರಬೇಡ. ನನ್ನ ಮಂಡಿ ಹಾಗೇ ಇದೆ. ಅದಕ್ಕೇ ತಾನೇ ಅಪ್ಪ ಬಿಟ್ಟುಹೋದ ಆರ್‌ವಿ ಪಾರ್ಕನ್ನು, ಈ ಮನೆಗಾಡಿಗಳ ತಂಗುದಾಣವನ್ನು, ಮಾರಲು ನಾವಿಬ್ಬರೂ ಒಪ್ಪಿದ್ದು.

ಮೂರು ವಾರದಿಂದ ಮೇಜಿನ ತುಂಬ ಕಾಗದ. ನೀರಿನ ಪರವಾನಗಿ, ತೆರಿಗೆ ರಸೀದಿ, ಇಲ್ಲಿ ಗಾಡಿ ನಿಲ್ಲಿಸಿಕೊಂಡು ಬಾಳುವವರ ಒಪ್ಪಂದಗಳು, ಎಲ್ಲ ಸಿಕ್ಕವು ಎಂದುಕೊಂಡೆ. ಸಿಗದೇ ಹೋದದ್ದು ನೆಲದೊಳಗಿನ ಕೊಳವೆಗಳ ನಕ್ಷೆ. ಅಪ್ಪ ಅದನ್ನು ತಲೆಯಲ್ಲಿಟ್ಟುಕೊಂಡೇ ಹೋಗಿಬಿಟ್ಟರು. ಕೊನೆಗೆ ಏಳನೇ ಜಾಗದ ಎಲ್ಡನ್ ಅಜ್ಜ ಬಂದ. ಕೊಳವೆ ಹೂಳಿದ ಕಾಲದಲ್ಲಿ ಅಪ್ಪನ ಜೊತೆ ಹಾರೆ ಹಿಡಿದು ಅಗೆದವನು. ಊರುಗೋಲಿನಿಂದ ನೆಲ ಕುಟ್ಟಿ, "ಇಲ್ಲೊಂದು ತಿರುವಿದೆ ಮಗಳೇ, ನಿಮ್ಮಪ್ಪ ಇಲ್ಲೇ ಬೈಗುಳ ಶುರು ಮಾಡಿದ್ದು" ಎಂದ. ನಾನು ಹಿಂದಿನಿಂದ ಪುಟ್ಟ ಬಾವುಟ ನೆಡುತ್ತಾ ಹೋದೆ. ಎರಡೇ ದಿನದಲ್ಲಿ ನಕ್ಷೆ ಸಿದ್ಧ. ಸರ್ವೆಯವರು ಬಂದು ನೋಡಿದರು, ಒಂದೂ ತಪ್ಪಿರಲಿಲ್ಲ.

ಮರುದಿನ ಕೊಳ್ಳುವವರ ಕಡೆಯ ಗ್ರೆಶಮ್ ಬಂದು ನಕ್ಷೆ ತೆಗೆದುಕೊಂಡ, ಆಮೇಲೆ ಬಾಡಿಗೆದಾರರ ಪಟ್ಟಿ ನೋಡಿದ. "ಏಳನೇ ಜಾಗದ ಒಪ್ಪಂದ ಎಲ್ಲಿ? ಕಾಗದ ಇಲ್ಲ ಅಂದ್ರೆ ತಿಂಗಳೊಳಗೆ ಗಾಡಿ ಎತ್ತಿಸಿ" ಎಂದ. ಅಲ್ಲೇ ಇದ್ದ ಎಲ್ಡನ್ ಕೇಳಿಸಿಕೊಂಡ. "ಇರೋವರೆಗೂ ಇರು ಅಂತ ನಿಮ್ಮಪ್ಪ ಕೈ ಕುಲುಕಿದ್ರು. ಅದಕ್ಕೆ ಯಾರಾದ್ರೂ ರಸೀದಿ ಕೇಳ್ತಾರಾ?" ಎಂದು ನನಗೆ ಮೆಲ್ಲನೆ ಹೇಳಿ, ಹೋಗಿ ತನ್ನ ಗಾಡಿಯ ಚಕ್ರಕ್ಕೆ ಗಾಳಿ ಹೊಡೆಯತೊಡಗಿದ. ಹನ್ನೊಂದು ವರ್ಷದಿಂದ ಉರುಳದ ಚಕ್ರ, ರಾಯ್ಸ್!

ನಾನು ಪಂಪು ಕಿತ್ತುಕೊಂಡೆ. "ಒಳಗೆ ಹೋಗಿ ಕಾಫಿಗಿಡಿ, ಬರ್ತೀನಿ" ಎಂದೆ. ಸಂಜೆಯೊಳಗೆ ವಕೀಲೆಯ ಬಳಿ, ಪಾರ್ಕು ಯಾರದಾದರೂ ಸರಿ, ಎಲ್ಡನ್ ಬದುಕಿರುವವರೆಗೆ ಏಳನೇ ಜಾಗ ಅವನದೇ ಎಂದು ಒಪ್ಪಂದ ಬರೆಸಿದೆ. ಗ್ರೆಶಮ್‌ಗೆ ಸಿಟ್ಟು ಬಂತು. "ವ್ಯವಹಾರ ಮುರಿದುಬೀಳುತ್ತೆ ಮೇಡಂ." "ಬೀಳಲಿ. ಆ ಅಜ್ಜ ತೋರಿಸಿದ ನಕ್ಷೇನೂ ವಾಪಸ್ ಕೊಟ್ಟುಬಿಡಿ" ಎಂದೆ. ನಾಲ್ಕು ದಿನ ಸುದ್ದಿಯಿಲ್ಲ. ನಿನ್ನೆ ಬಂದು, ಬೆಲೆ ತುಸು ಇಳಿಸಿ ಒಪ್ಪಿಕೊಂಡು ಹೋದ.

ಕಡಲು ನಿನ್ನನ್ನು ಜೋಪಾನವಾಗಿ ದಡ ಸೇರಿಸಲಿ. ದೋಣಿಯ ಗೆಳೆಯರಿಗೆಲ್ಲ ನನ್ನ ನೆನಪು ಹೇಳು.

ನಿನ್ನ ಅಕ್ಕ
ಆರ್ಡಿತ್

ತಾ.ಕ.: ಅವಸರದಲ್ಲಿ ಮುಖ್ಯ ಮಾತೇ ಬಿಟ್ಟೆ. ಪಾರ್ಕು ಇಬ್ಬರ ಹೆಸರಲ್ಲಿದೆ. ನಿನ್ನ ಸಹಿ ಇಲ್ಲದೆ ಎಲ್ಡನ್‌ನ ಒಪ್ಪಂದ ಬರೀ ಕಾಗದ. ಲಕೋಟೆಯಲ್ಲಿಟ್ಟಿದ್ದೇನೆ, ನೋಟರಿಯ ಮುಂದೆ ಸಹಿ ಹಾಕಿ ಕಳಿಸು. ಇಳಿದ ಬೆಲೆ ನನ್ನ ಪಾಲಿನಿಂದ ಹೋಗಲಿ. ಮಾರಾಟದ ಪತ್ರಕ್ಕೆ ನಾನಿನ್ನೂ ಸಹಿ ಹಾಕಿಲ್ಲ. ಇದು ಬಂದ ಮೇಲೇ ಅದು.