ಕುದುರೆಯ ಹಿಂಗಾಲು

ಮಾರ್ಚ್ 3
ಇವತ್ತೂ ರಿಹರ್ಸಲ್ ಪೂರ್ತಿ ಸೊಂಟ ಬಗ್ಗಿಸಿಯೇ. ಮನೆಯಿರುವ ಫ್ರೀಮಾಂಟ್‌ವರೆಗೂ ಬಾರ್ಟ್ ರೈಲಿನಲ್ಲಿ ನಿಂತೇ ಬಂದೆ. ಕೂತರೆ ಏಳಲಾಗದು. ಚಿಕ್ಕಂದಿನಿಂದ ಭರತನಾಟ್ಯ ಕಲಿತು, ಸ್ಯಾನ್ ಫ್ರಾನ್ಸಿಸ್ಕೋದ ಆಪೆರಾದಲ್ಲಿ ಸಿಕ್ಕಿದ್ದು ಕುದುರೆಯ ಹಿಂಗಾಲು! ಹಳೆಯ ಚೀನೀ ಯುದ್ಧಕಾವ್ಯ, ಹೊಸ ಕಾಲದ ಕಲಾವಿದರು, ಬಿದಿರು-ಬಟ್ಟೆಯ ಕುದುರೆ. ಒಳಗೆ ಇಬ್ಬರು. ಮುಂದೆ ನಿಂತು ತಲೆ ಆಡಿಸುವವರು ಲಿಯಾಂಗ್, ಎಪ್ಪತ್ತರ ಹತ್ತಿರದ ಚೀನೀ ನಟ. ಹಿಂದೆ ನಾನು.

ಭಾವನಾಗೆ ಹೇಳಿದರೆ ಸೋಫಾದ ಮೇಲೆ ಬಿದ್ದು ನಕ್ಕಳು. "ಅಮ್ಮಾ, ಯು ಆರ್ ಲಿಟರಲಿ ದ ಬಟ್!"

ಅಮ್ಮನನ್ನೇ ಕುದುರೆಯ ಕುಂಡಿ ಅಂತಾಳೆ, ಹೆತ್ತ ಮಗಳು.

ಮಾರ್ಚ್ 6
ಲಿಯಾಂಗ್ ಜೊತೆ ಜಗಳ. ಅವರು ಎಡಕ್ಕೆ, ನಾನು ಬಲಕ್ಕೆ. ಕುದುರೆ ನಡುವೆ ಹರಿಯುವುದೊಂದು ಬಾಕಿ.

"ವಿಭಾ, ನೀವು ಹೆಜ್ಜೆ ಎಣಿಸ್ತಾ ಇದ್ದೀರಿ. ಕುದುರೆ ಎಣಿಸಲ್ಲ."

"ನಿಮ್ಮ ಬೆನ್ನು ಬಿಟ್ಟು ನನಗೇನೂ ಕಾಣಲ್ಲ. ಎಣಿಸ್ದೆ ಏನ್ ಮಾಡ್ಲಿ?"

"ನಾನು ಉಸಿರು ಬಿಡೋದು ಕೇಳಲ್ವಾ?"

ಕೇಳುತ್ತದೆ. ಬೆಳ್ಳುಳ್ಳಿ ವಾಸನೆಯೂ ಬರುತ್ತದೆ.

ಮಾರ್ಚ್ 14, ಮಧ್ಯಾಹ್ನ
ನಿರ್ದೇಶಕಿ ಕ್ಲೇರ್‌ಗೆ ಹೊಸ ಐಡಿಯಾ. ದಂಡನಾಯಕ ಸತ್ತ ಮೇಲೆ ಅವನ ಕುದುರೆ ಮೇವು ಬಿಟ್ಟು ಸಾಯುವ ದೃಶ್ಯ... ಅದಕ್ಕೆ ವಿಡಿಯೊ ಸಾಕಂತೆ. ನಮಗೆ ಉಳಿಯುವುದು ಮೊದಲ ಅಂಕದ ಓಟ ಮಾತ್ರ. ಲಿಯಾಂಗ್ ಕುದುರೆಯ ತಲೆಯನ್ನು ಮೂಲೆಗೆ ಒರಗಿಸಿಟ್ಟುಬಿಟ್ಟರು. ನನ್ನ ಮೇಲೆ ಮಾತ್ರ ಅಷ್ಟು ಕಿರುಚುವವರು!

ನನಗೇ ತಡೆಯಲಾಗಲಿಲ್ಲ. "ಒಂದ್ಸಲ ನಾವು ಮಾಡೋದು ನೋಡಿ. ಆಮೇಲೆ ತೆಗೀರಿ," ಅಂದುಬಿಟ್ಟೆ.

ಮಾಡಿದೆವು. ಎಣಿಸಲಿಲ್ಲ. ಮುಂದಿನ ಬೆನ್ನು ನಿಧಾನಕ್ಕೆ ಕುಸಿಯಿತು, ಅದರೊಡನೆ ನನ್ನ ಮಂಡಿಯೂ. ಬಟ್ಟೆ ಎತ್ತಿ ನೋಡಿದರೆ, ಹೆಣವಾಗಿ ಮಲಗಿದ್ದ ದಂಡನಾಯಕ ಎದ್ದು ಕೂತು ಕಣ್ಣೊರೆಸಿಕೊಳ್ಳುತ್ತಿದ್ದಾನೆ!

"ಸರಿ, ವಿಡಿಯೊ ಬೇಡ," ಎಂದಳು ಕ್ಲೇರ್. ಅಷ್ಟೇ. ಒಂದು ಥ್ಯಾಂಕ್ಸ್ ಕೂಡ ಇಲ್ಲ.

ಮಾರ್ಚ್ 28, ಸಂಜೆ
ಮೊದಲ ಶೋ. ಮೇಕಪ್ ರೂಮಿನಲ್ಲಿ ಕೂತು ಫೋನಿನಲ್ಲೇ ಬರೆಯುತ್ತಿದ್ದೇನೆ. ಲಿಯಾಂಗ್ ಅವರ ಭುಜ ಊದಿದೆ. ನಿನ್ನೆಯಿಂದಲೇ ನೋವಂತೆ, ಬಾಯಿ ಬಿಟ್ಟಿದ್ದು ಈಗ!

"ಕೈ ಮೇಲೆತ್ತೋಕೆ ಆಗಲ್ಲ. ಹಿಂದೆ ನಾನಿರ್ತೀನಿ. ತಲೆ ನೀವು ಹಿಡೀರಿ."

"ಒಂದು ದಿನಾನೂ ಹಿಡಿದಿಲ್ಲ ನಾನು!"

"ಗೊತ್ತು. ಅದಕ್ಕೇ ನನಗೂ ಭಯ ಆಗ್ತಿದೆ."

ಎದ್ದು ಹೋಗಿ ಕುದುರೆಯ ತಲೆ ಎತ್ತಿ ನೋಡಿದೆ. ದೇವರೇ, ಎಂಥ ಭಾರ. ಇದನ್ನು ಈ ವಯಸ್ಸಿನಲ್ಲಿ ದಿನವೂ ಹೊತ್ತು, ಮೇಲೆ ನನ್ನನ್ನೂ ಬೈಯುತ್ತ...

ಕರೆಯುತ್ತಿದ್ದಾರೆ. ಕೂದಲು ಬಿಗಿಯಾಗಿ ಕಟ್ಟಿಕೊಂಡೆ. ಇವತ್ತು ತಲೆ ನಾನೇ; ಹಿಂದಿನಿಂದ ಲಿಯಾಂಗ್ ನನ್ನ ಉಸಿರು ಕೇಳಲಿ.