ಮಂಜಿನಲ್ಲಿ ಡಬ್ಬಿಯ ದನಿ

ಯೋಮಿತಾನ್, ಓಕಿನಾವಾ
ಸೆಪ್ಟೆಂಬರ್ ೧೮, ೨೦೧೯

ಮುದ್ದಿನ ಚಿಹಾನಾಗೆ ನಿನ್ನ ಅಜ್ಜಿ ತಲೆ ನೇವರಿಸಿ ಬರೆಯುವುದು.

ನಿನ್ನ ಕಾಗದ ಬಂದು ಬಹಳ ದಿನವಾಯಿತು. ಉತ್ತರ ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ ಮಗಳೇ. ಚಂಡಮಾರುತ ಹಾಗಲಬಳ್ಳಿಯ ಚಪ್ಪರವನ್ನೇ ಕಿತ್ತೊಯ್ದಿತ್ತು, ಅದನ್ನು ಮತ್ತೆ ಕಟ್ಟಿಸಿದೆ. ಆಮೇಲೆ ಅಪರಿಚಿತರ ಹೆಸರಿನಲ್ಲಿ ಒಂದು ಪೆಟ್ಟಿಗೆ ಸೇಬು ಬಂತು. ಊರವರಿಗೆಲ್ಲ ಹಂಚುತ್ತ, ಪ್ರತಿ ಮನೆಯಲ್ಲೂ ಕೂತು ಅದರ ಕಥೆ ಹೇಳುತ್ತ ಹೊತ್ತು ಕಳೆಯಿತು.

ನೀನೇನು ಬರೆದಿದ್ದೆ? "ನಾಗಾನೋ ಬೆಟ್ಟದಲ್ಲಿ ಸ್ವಲ್ಪ ಮಂಜಿತ್ತು, ಗುಡಿಸಲಲ್ಲಿ ತಂಗಿದ್ದೆ, ಆರೋಗ್ಯ." ಅಷ್ಟೇ. ಉಳಿದದ್ದನ್ನು ಮೊಮೊಸೆ ಎಂಬ ಹೆಂಗಸು ಫೋನ್ ಮಾಡಿ ಹೇಳಬೇಕಾಯಿತು. ಸೇಬು ಅವರ ತೋಟದ್ದೇ.

ನೀನು ಬೆಟ್ಟ ಸುತ್ತಲು ಹೊರಡುವ ಮುಂಚೆ, ಯಾವ ವಾದ್ಯ ಒಯ್ಯಬೇಕೆಂದು ಇಲ್ಲಿ ನಡೆದ ಪಂಚಾಯಿತಿ ನೆನಪಿದೆಯಲ್ಲ? ಚಾಪೆಯ ಮೇಲೆ ಬೆನ್ನುಚೀಲ, ಅದರ ಪಕ್ಕದಲ್ಲಿ ಮೂರು ವಾದ್ಯ. ನಿನ್ನ ದೊಡ್ಡಪ್ಪ ಚೋಶೂ ಹೆಬ್ಬಾವಿನ ಚರ್ಮ ಬಿಗಿದ ತನ್ನ ಮೂರು ತಂತಿಯ ಸನ್‌ಶಿನ್ ಅನ್ನೇ ತಂದು ಇಟ್ಟಿದ್ದ. ಮಕ್ಕಳಿಗೂ ಮುಟ್ಟಲು ಕೊಡದವನು ನಿನಗೆ ಕೊಡಲು ಮುಂದಾಗಿದ್ದ, ಅದನ್ನು ಮರೆಯಬೇಡ. ಎರಡನೆಯದು ನೀನು ನಾಹಾ ಪೇಟೆಯ ಅಂಗಡಿಯಿಂದ ತಂದ, ಪುಟ್ಟ ಗಿಟಾರಿನಂಥ ಯುಕುಲೇಲಿ. ಮೂರನೆಯದು ಅವನ ಪಾಠಶಾಲೆಯ ಚಿಕ್ಕಮಕ್ಕಳು ಕಲಿಯುವ, ಚರ್ಮದ ಬದಲು ತಗಡಿನ ಡಬ್ಬಿಗೆ ಹಿಡಿ ಸೇರಿಸಿದ ಡಬ್ಬಿ ಸನ್‌ಶಿನ್. ಅದನ್ನು ಅಲ್ಲಿಟ್ಟವಳು ನಾನು.

"ಅಮ್ಮಾ, ಈ ಡಬ್ಬಿ ಯಾಕೆ? ದಾರೀಲಿ ಬೆಕ್ಕಿಗೆ ಅನ್ನ ಹಾಕೋಕಾ?" ಎಂದು ಚೋಶೂ ನಕ್ಕ.

"ನಿನ್ನ ಹಾವಿನ ಚರ್ಮ ಆ ಬೆಟ್ಟದ ಚಳಿಗೆ ಬಿರಿದರೆ ಆಮೇಲೆ ಮೂರು ವರ್ಷ ಮುಖ ಊದಿಸ್ಕೊಂಡು ಕೂರೋನು ನೀನೇ. ಸುಮ್ನಿರು" ಎಂದೆ.

ನೀನು ಯಾರ ಮಾತನ್ನೂ ಕೇಳಲಿಲ್ಲ. ತುಂಬಿದ ಚೀಲಕ್ಕೆ ಒಂದೊಂದನ್ನೇ ಕಟ್ಟಿಕೊಂಡು ಹಳೆಯ ಕೋಟೆಯ ದಿಬ್ಬ ಹತ್ತಿಳಿದೆ. ಹೋದಾಗಲೆಲ್ಲ ಮೇಲೆ ನಿಂತು ಬಾರಿಸಿದೆ, ನಾನು ಕೆಳಗಿನ ಕಲ್ಲುಗೋಡೆಯ ಹತ್ತಿರ ಕೂತು ಕೇಳಿದೆ. ದೊಡ್ಡಪ್ಪನದು ಇಂಪಾಗಿತ್ತು, ಆದರೆ ಇಳಿಜಾರಿನಲ್ಲಿ ಎರಡು ಸಲ ಬಂಡೆಗೆ ತಾಗಿತು, ಅವನ ಮುಖ ನೋಡಲಾಗಲಿಲ್ಲ. ಯುಕುಲೇಲಿ ಹಗುರ, ಮುದ್ದಾಗಿತ್ತು, ಆದರೆ ಅದರ ದನಿ ನನ್ನವರೆಗೆ ಬರಲೇ ಇಲ್ಲ.

"ಅದು ಪಕ್ಕದಲ್ಲಿ ಕೂತೋರಿಗೆ ಮಾತ್ರ ಅಜ್ಜಿ" ಎಂದೆ ನೀನು.

ಡಬ್ಬಿಯದು ಒರಟು ದನಿ. ಆದರೂ ಗಾಳಿಗೆ ಎದುರಾಗಿ ನೇರ ಬಂದು ಕಿವಿಗೆ ಬಿತ್ತು. ಹಿಡಿಯನ್ನು ಕಳಚಿ ಚೀಲದೊಳಗೆ ಇಟ್ಟುಕೊಳ್ಳಬಹುದು, ಡಬ್ಬಿಯೊಳಗೆ ಕಾಲುಚೀಲ ತುರುಕಬಹುದು ಎಂದು ನೀನೇ ಕಂಡುಹಿಡಿದೆ. ಹೀಗೆ ಆಯ್ಕೆ ನಿನ್ನದೇ; ನಾನು ತಂದಿಟ್ಟವಳು ಮಾತ್ರ. ಆದರೆ ಮೊಮೊಸೆ ಅವರು "ಯಾರಿಗೆ ಉಪಕಾರ ಹೇಳಲಿ?" ಎಂದು ಕೇಳಿದಾಗ ನೀನು ನನ್ನ ವಿಳಾಸ, ಫೋನ್ ನಂಬರು ಕೊಟ್ಟೆಯಂತೆ. ಕಳ್ಳಿ.

ಅವರು ಹೇಳಿದ್ದಿಷ್ಟು. ಸಂಜೆ ಮಂಜು ಕವಿದು ಅವರ ಗುಂಪಿಗೆ ದಾರಿ ತಪ್ಪಿತು. ಎಲ್ಲರೂ ವಯಸ್ಸಾದವರು, ಮೊಮೊಸೆ ಅವರ ಗಂಡನಿಗೆ ಮೊಣಕಾಲು ನೋವು ಬೇರೆ. ಒಂದು ಕಡೆ ಕಂದರ. ನೀನು ತಂಗಿದ್ದ ಗುಡಿಸಲಿನ ಯಜಮಾನ ಸೀಟಿ ಊದುತ್ತಿದ್ದನಂತೆ, ಅದು ಗಾಳಿಯ ಶಿಳ್ಳೆಯಲ್ಲೇ ಬೆರೆತುಹೋಗುತ್ತಿತ್ತು. ಆಗ ಒಂದು ಹಾಡು ಕೇಳಿಸಿತು.

"ಗಾಳಿ ಹಾಡು ಹೇಳಲ್ವಲ್ಲಮ್ಮ. ಅಲ್ಲಿ ಮನುಷ್ಯರಿದ್ದಾರೆ ಅಂತ ಆಗಲೇ ಗೊತ್ತಾಯ್ತು" ಎಂದರು.

ನೀನು ಅಂಗಳದಲ್ಲಿ ನಿಂತು ಅದೊಂದೇ ಹಾಡನ್ನು ಮತ್ತೆ ಮತ್ತೆ ಬಾರಿಸಿದೆಯಂತೆ. ಯಜಮಾನ "ಒಳಗೆ ಬಾ ತಾಯಿ, ಕೈ ಮರಗಟ್ಟುತ್ತೆ" ಎಂದರೆ "ಇನ್ನೊಂದ್ಸಲ" ಎನ್ನುವುದು, ಮುಗಿದ ಮೇಲೆ ಮತ್ತೆ "ಇನ್ನೊಂದ್ಸಲ" ಎನ್ನುವುದು. ಕೊನೆಗೆ ಅವರು ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ಆ ದನಿಯ ಜಾಡಿನಲ್ಲೇ ನಡೆದು ಬಂದರು. ನಿನ್ನ ಬೆರಳಿನ ತುದಿ ಒಡೆದು ತಂತಿಯೆಲ್ಲ ರಕ್ತವಾಗಿತ್ತು ಎಂದರು. ಅದನ್ನೂ ನೀನು ಬರೆಯಲಿಲ್ಲ.

ಚೋಶೂಗೆ ಹೇಳಿದೆ. ಮರುದಿನ ಪಾಠಶಾಲೆಯಲ್ಲಿ ಮಕ್ಕಳಿಗೆ, "ಡಬ್ಬಿ ಅಂತ ಕೀಳಾಗಿ ನೋಡಿದರೆ ಕಿವಿ ಹಿಂಡ್ತೀನಿ. ನಮ್ಮ ಮನೆ ಹುಡುಗಿ ಅದರಲ್ಲೇ ಜೀವ ಉಳಿಸಿದ್ದಾಳೆ" ಎಂದನಂತೆ. ಈಗ ಆಯ್ಕೆ ತನ್ನದೇ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ. ತಿರುಗಲಿ ಬಿಡು. ನಾನೂ ಎದೆಯುಬ್ಬಿಸಿಕೊಂಡೇ ಮಾರುಕಟ್ಟೆಗೆ ಹೋಗುತ್ತಿದ್ದೇನೆ, ಬಗ್ಗಿದ ಬೆನ್ನಿನಲ್ಲಿ ಎಷ್ಟು ಉಬ್ಬುತ್ತದೋ ಅಷ್ಟು.

ಕರಿಬೆಲ್ಲ ಕಳಿಸಿದ್ದೇನೆ, ಏರುದಾರಿಯಲ್ಲಿ ಬಾಯಿಗೆ ಹಾಕಿಕೋ. ಬೆರಳಿಗೆ ಎಣ್ಣೆ ಹಚ್ಚು. ನಿನ್ನ ಕಾಲಿಗೆ ಬಲವಿರಲಿ, ಹೋದಲ್ಲೆಲ್ಲ ನಿನ್ನ ಹಾಡಿಗೊಂದು ಕಿವಿ ಸಿಗಲಿ, ಗತಿಸಿದ ನಮ್ಮ ಹಿರಿಯರು ದಾರಿ ತೋರುತ್ತ ನಿನ್ನ ಮುಂದೆ ಮುಂದೆ ನಡೆಯಲಿ.

ನಿನ್ನ ಅಜ್ಜಿ,
ತೊಗುಚಿ ನಾಬೆ

ಮತ್ತೊಂದು ಮಾತು. ಮೇಲೆ ಬರೆಯಲು ಕೈ ಬರಲಿಲ್ಲ. ನನಗೊಬ್ಬಳು ಅಕ್ಕ ಇದ್ದಳು, ಉಶಿ ಅಂತ. ಯುದ್ಧದಲ್ಲಿ ಎಲ್ಲರೂ ಓಡುವಾಗ ಅಪ್ಪನ ಕೈ ತಪ್ಪಿದಳು. ಗೆದ್ದ ಸೈನ್ಯದವರು ನಮ್ಮನ್ನು ಶಿಬಿರಕ್ಕೆ ತಂದು ಹಾಕಿದ ಮೇಲೆ ಅಪ್ಪ ಸೈನಿಕರು ಎಸೆದ ಡಬ್ಬಿಗೆ ಮುರಿದ ಮಂಚದ ಕೋಲು, ಪ್ಯಾರಾಚೂಟಿನ ದಾರ ಕಟ್ಟಿ ಸನ್‌ಶಿನ್ ಮಾಡಿದರು. ದಿನಾ ಸಂಜೆ ಬೇಲಿಯ ಹತ್ತಿರ ನಿಂತು ಅವಳಿಗಿಷ್ಟವಾದ ಹಾಡು ಬಾರಿಸುತ್ತಿದ್ದರು, ಎಲ್ಲಾದರೂ ಇದ್ದರೆ ಕೇಳಿಸಿಕೊಂಡು ಬರಲಿ ಎಂದು. ಯಾರ್ಯಾರೋ ಬಂದರು. ಅವಳು ಬರಲಿಲ್ಲ. ಮೊನ್ನೆ ಮೊಮೊಸೆ ಅವರನ್ನು "ಎಲ್ಲರೂ ಬಂದಿರಾ?" ಎಂದು ಕೇಳಿದೆ. "ಹೂಂನಮ್ಮ, ಎಲ್ಲರೂ ಬಂದ್ವಿ" ಎಂದರು. ನಾನು ಮತ್ತೆ ಕೇಳಿದೆ. ಪಾಪ, ಬೇಸರಿಸದೆ ಮತ್ತೆ ಹೇಳಿದರು.